ಚಿಕಿತ್ಸೆ ಮುಗಿದ ಮೇಲಿನ ಸೊಂಟನೋವು

ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರೇ, ಬಿಡದೆ ಕಾಡುವ ಸೊಂಟ, ತೊಡೆಸಂದಿನ ನೋವನ್ನು ‘ಕೆಲಸ ಜಾಸ್ತಿಯಾಯ್ತು’ ಎಂದು ತಳ್ಳಿಹಾಕಬೇಡಿ. ಅದು ಬರೀ ಉಳುಕೂ ಆಗಿರಬಹುದು. ಈ ಕ್ಯಾನ್ಸರ್ ಸ್ನಾಯುಗಳಿಗೆ ಹರಡುವುದು ತೀರಾ ಅಪರೂಪ. ಹರಡಿದರೆ ಬೆನ್ನುಮೂಳೆಯ ಪಕ್ಕದಿಂದ ತೊಡೆಗಿಳಿಯುವ ಸೋವಾಸ್ ಸ್ನಾಯುವಿನಲ್ಲಿ ಗಡ್ಡೆ ಕಾಣಿಸಬಹುದು. ಆಗ ಕಾಲು ನೀಡಿ ಮಲಗಿದರೆ ನೋವು, ಮಡಚಿಕೊಂಡರೆ ತುಸು ಹಾಯೆನಿಸಬಹುದು.

ಸಿಟಿ ಸ್ಕ್ಯಾನಿನಲ್ಲಿ ಇಂಥ ಗಡ್ಡೆ ಅಂಚು ಬೆಳ್ಳಗೆ, ನಡು ಕಪ್ಪಾಗಿ, ಕೀವುಗಟ್ಟಿದ ಕುರುವಿನಂತೆಯೇ ತೋರಬಹುದು. ಕ್ಷಯ ಹೆಚ್ಚಿರುವ ನಮ್ಮ ದೇಶದಲ್ಲಿ ಅನುಮಾನ ಮೊದಲು ಕ್ಷಯದ ಕುರುವಿನತ್ತ ಹೋಗುವುದು ಸಹಜವೇ. ಹಾಗಾಗಿ ಹಳೆಯ ಕಾಯಿಲೆಯನ್ನು ಸ್ಕ್ಯಾನ್ ಮಾಡುವವರಿಗೆ ಬಾಯಿಬಿಟ್ಟು ಹೇಳಿ. ಹಳೆಯ ಫಿಲ್ಮು, ರಿಪೋರ್ಟು ಜೊತೆಗೊಯ್ಯಿರಿ. ಸಂಕೋಚ ಖಂಡಿತ ಬೇಡ.

ಸ್ನಾಯುವಿನ ಒಳವಿವರಕ್ಕೆ ಎಂಆರ್‌ಐ ಒಳ್ಳೆಯದು. ಪೆಟ್-ಸಿಟಿ ದೇಹದ ಬೇರೆಡೆಯೂ ಹುಡುಕುತ್ತದೆ. ಅದರಲ್ಲಿ ಕೊಡುವುದು ಸಕ್ಕರೆಯಂಥ ವಿಕಿರಣಶೀಲ ಔಷಧಿ. ದುಡಿದು ದಣಿದ ಸ್ನಾಯುವೂ ಅದನ್ನು ಹೀರಿ ಚಿತ್ರದಲ್ಲಿ ಹೊಳೆಯುತ್ತದೆ. ಅದಕ್ಕೇ ಹಿಂದಿನ ದಿನ ಭಾರ ಎತ್ತುವುದು, ಬಿರುಸಿನ ನಡಿಗೆ ಬಿಡಿ. ಆಸ್ಪತ್ರೆಯವರು ಹೇಳಿದಷ್ಟು ಹೊತ್ತು ಉಪವಾಸವಿರಿ. ಸಕ್ಕರೆ ಕಾಯಿಲೆ ಇದ್ದರೆ, ಈಚೆಗೆ ಸೊಂಟಕ್ಕೆ ಇಂಜೆಕ್ಷನ್ ಆಗಿದ್ದರೆ ಮೊದಲೇ ತಿಳಿಸಿ.

ಸೋಂಕೂ ಪೆಟ್ ಚಿತ್ರದಲ್ಲಿ ಹೊಳೆಯುವುದರಿಂದ ಚಿತ್ರವೊಂದನ್ನೇ ನೋಡಿ ಎದೆಗುಂದಬೇಡಿ. ವೈದ್ಯರು ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸೋಣವೆಂದರೆ ಒಪ್ಪಿಕೊಳ್ಳಿ. ಕ್ಯಾನ್ಸರೋ ಕುರುವೋ ಎಂಬುದು ಖಚಿತವಾಗುವುದು ಅಲ್ಲೇ.