ಪದವಿ ಆರಿಸುವ ಮುನ್ನ ಒಂದು ಮಾತು

ಡಾಕ್ಟರಾಗಲೇಬೇಕೆಂಬ ಆಸೆ ತಮಿಳುನಾಡಿನ ನಮ್ಮ ರಾಯಕೋಟೆಯ ಎಷ್ಟೋ ಮನೆಗಳಲ್ಲಿದೆ. "ಬರೀ ಬಿ.ಎ., ಬಿ.ಎಸ್ಸಿ. ಓದಿ ಏನು ಮಾಡೋದು?" ಎನ್ನುವವರು ಹೊಸೂರಿನ ಪಕ್ಕದ ತೊರಪಳ್ಳಿಯನ್ನು ನೆನೆಯಬೇಕು. ಅಲ್ಲಿ 1878ರಲ್ಲಿ ಹುಟ್ಟಿದ ರಾಜಕೀಯ ಮುತ್ಸದ್ದಿ ರಾಜಾಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಾ ಪದವಿ ಪಡೆದರು. ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಾನೂನು ಓದಿದರು.

ಅಮೆರಿಕದಲ್ಲಿ ವೈದ್ಯರಾಗುವ ದಾರಿಯೂ ಸಾಮಾನ್ಯವಾಗಿ ಹೀಗೆಯೇ: ಮೊದಲು ನಾಲ್ಕು ವರ್ಷದ ಪದವಿ, ಬಳಿಕ ವೈದ್ಯಕೀಯ ಕಾಲೇಜು. ಇತಿಹಾಸ ಓದುವವರೂ ಜೊತೆಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ ಮುಗಿಸಿ ಅರ್ಜಿ ಹಾಕಬಹುದು. ಅಲ್ಲಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ನಾಲ್ಕು ಭಾಗಗಳಲ್ಲಿ ಒಂದು ಓದಿ ವಿಚಾರ ಮಾಡುವ ಶಕ್ತಿಗೇ ಮೀಸಲು: ಸಾಹಿತ್ಯ, ಸಮಾಜ ಕುರಿತ ಗದ್ಯ ಓದಿ 90 ನಿಮಿಷದಲ್ಲಿ 53 ಪ್ರಶ್ನೆಗಳಿಗೆ ಉತ್ತರಿಸಬೇಕು.

ನಮ್ಮಲ್ಲಿ ಹಾಗಿಲ್ಲ. 12ನೇ ತರಗತಿ ಮುಗಿಸಿ ನೇರವಾಗಿ ಸೇರುವ ಎಂಬಿಬಿಎಸ್‌ಗೆ ನೀಟ್ ಪ್ರವೇಶ ಪರೀಕ್ಷೆ ಬೇಕೇ ಬೇಕು. 6ರಿಂದ 12ನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲೇ ಓದಿ ನೀಟ್ ಪಾಸಾದವರಿಗೆ ತಮಿಳುನಾಡು 2020ರಿಂದ ಶೇ. 7.5 ಒಳಮೀಸಲಾತಿ ಕೊಡುತ್ತಿದೆ, ಅದನ್ನು ಬಿಡಬೇಡಿ.

ಎಂ.ಎಸ್ಸಿ., ಪಿಎಚ್.ಡಿ. ಕಡೆ ಒಲವಿರುವ ಮಕ್ಕಳಿಗೆ ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ದೂರವೇನಲ್ಲ. ಕುಟುಂಬದ ಆದಾಯ ನೋಡಿ ಅಲ್ಲಿ ಶುಲ್ಕದಲ್ಲಿ ನೆರವು ಸಿಗುತ್ತದೆ. ಯಾವ ಕಾಲೇಜಾದರೂ ಸರಿ, ಸೇರುವ ಮುನ್ನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ: ಸ್ವಂತ ಸಂಶೋಧನೆಗೆ ಅವಕಾಶವಿದೆಯೇ? ಬರೆದದ್ದನ್ನು ಸಾಲುಸಾಲಾಗಿ ತಿದ್ದಿಕೊಡುವ ಮೇಷ್ಟ್ರಿದ್ದಾರೆಯೇ? ಕಳೆದ ವರ್ಷ ಮುಗಿಸಿದವರು ಎಲ್ಲೆಲ್ಲಿ ಓದುತ್ತಿದ್ದಾರೆ?