ದೊಡ್ಡ ಕಾಯಿಲ್‌ಗೆ ಮೊದಲು ಚಿಕ್ಕದು

ಮೆಲ್ಬರ್ನ್‌ನಿಂದ ಬರೆದ ಓದುಗರಿಗೆ:

ಮೆಟಲ್ ಡಿಟೆಕ್ಟರ್ ಜೊತೆ ಬಂದ 11 ಇಂಚಿನ ಕಾಯಿಲ್ ಬಿಟ್ಟು 15 ಇಂಚಿನದು ಹಾಕಿದರೆ ಆಳದ ಚಿನ್ನ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಈಗಲೇ ಕೊಳ್ಳಬೇಡಿ. ದೊಡ್ಡ ಕಾಯಿಲ್‌ಗೆ ಆಳದಲ್ಲಿರುವ ದಪ್ಪ ಗಟ್ಟಿಗಳು ಗೊತ್ತಾಗುತ್ತವೆ, ನಿಜ. ಆದರೆ ಅದರ ಕಾಂತಕ್ಷೇತ್ರ ಅಗಲಕ್ಕೆ ಹರಡುವುದರಿಂದ ಅಕ್ಕಿಕಾಳಿನಷ್ಟು ಚೂರು ಸದ್ದೇ ಮಾಡದೆ ಉಳಿದುಬಿಡುತ್ತದೆ. ವಿಕ್ಟೋರಿಯದ ಹಳೆಯ ಗಣಿನೆಲಗಳಲ್ಲಿ ಹವ್ಯಾಸಿಗಳಿಗೆ ಹೆಚ್ಚಾಗಿ ಸಿಗುವುದು ಇಂಥ ಚೂರುಗಳೇ. 1869ರಲ್ಲಿ ಮೊಲಿಯಾಗುಲ್‌ನಲ್ಲಿ ದೊರೆತ ‘ವೆಲ್ಕಮ್ ಸ್ಟ್ರೇಂಜರ್’ ಎಂಬ ದೈತ್ಯ ಗಟ್ಟಿಯೂ ಮೇಲ್ಮಣ್ಣಿನ ಕೆಲವೇ ಸೆಂಟಿಮೀಟರ್ ಕೆಳಗಿತ್ತು!

ಇನ್ನೊಂದು ತೊಡಕು ಮಣ್ಣಿನದು. ಅಲ್ಲಿ ಎಷ್ಟೋ ಕಡೆ ನೆಲದಲ್ಲಿ ಕಬ್ಬಿಣದ ಅಂಶ ಹೆಚ್ಚು. ಕಾಯಿಲ್ ದೊಡ್ಡದಾದಷ್ಟೂ ಒಮ್ಮೆಗೆ ಹೆಚ್ಚು ಮಣ್ಣು ಅದರಡಿ ಬಂದು, ಯಂತ್ರ ಸುಮ್ಮಸುಮ್ಮನೆ ಗುಂಯ್‌ಗುಟ್ಟುತ್ತದೆ. ನನ್ನ ಆಯ್ಕೆ ಹತ್ತು ಇಂಚು ಉದ್ದ, ಐದು ಇಂಚು ಅಗಲದ ಮೊಟ್ಟೆಯಾಕಾರದ ಡಬಲ್ ಡಿ ಕಾಯಿಲ್. ಇದರಲ್ಲಿ ಡಿ ಆಕಾರದ ಎರಡು ಸುರುಳಿಗಳು ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ. ಕಬ್ಬಿಣದ ಮಣ್ಣಿನ ಕಾಟ ಕಡಿಮೆ. ಪೊದೆ, ಕಲ್ಲುಗಳ ಸಂದಿಗೂ ತೂರುತ್ತದೆ, ತೋಳೂ ನೋಯುವುದಿಲ್ಲ.

ಪ್ಲಗ್ ಹೊಂದಿತೆಂದು ಕೊಂಡುಬಿಡಬೇಡಿ. ನಿಮ್ಮ ಮಾದರಿಗೆಂದೇ ತಯಾರಾದ ಕಾಯಿಲ್ ಆಗಿರಬೇಕು. ‘ಮೈನರ್ಸ್ ರೈಟ್’ ಪರವಾನಗಿ ಮಾಡಿಸಿದ್ದೀರೋ ಇಲ್ಲವೋ ಬರೆದಿಲ್ಲ. ಚಿನ್ನ ಹುಡುಕಲು ವಿಕ್ಟೋರಿಯದಲ್ಲಿ ಅದು ಕಡ್ಡಾಯ. ಹತ್ತು ವರ್ಷ ನಡೆಯುತ್ತದೆ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆಯೂ ಬೇಕು.