ಮನೆಯಲ್ಲಿ ಹಗಲಿರುಳು ಆರೈಕೆ: ಖರ್ಚು ಹೊಂದಿಸುವುದು ಹೇಗೆ?

ಲಕ್ವ ಹೊಡೆದು ಅಥವಾ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರನ್ನು ಮನೆಗೆ ಕರೆದೊಯ್ಯುವಾಗ ಬಂಧುಗಳು ಕೇಳುವುದು ಒಂದೇ: “ಸಿಸ್ಟರ್, ಇಪ್ಪತ್ನಾಲ್ಕು ಗಂಟೆ ನೋಡಿಕೊಳ್ಳಲು ಎಷ್ಟು ಖರ್ಚಾಗುತ್ತದೆ?” ಒಡವೆ ಅಡ ಇಡುವ ಮೊದಲು ಮನೆಯವರೆಲ್ಲ ಕುಳಿತು ಲೆಕ್ಕ ಹಾಕಿ.

ಲೆಕ್ಕ ಹೀಗೆ

ದಿನಕ್ಕೆ 8 ಗಂಟೆಯ 3 ಪಾಳಿ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೂ 4 ಜನ ಬೇಕು. ಒಂದು ಪಾಳಿಗೆ 500 ರೂ. ಎಂದಿಟ್ಟುಕೊಳ್ಳಿ. ಮೂರು ಪಾಳಿಗೆ ತಿಂಗಳಿಗೆ 45,000 ರೂ., ಒಂದೇ ಪಾಳಿಗಾದರೆ 15,000 ರೂ. ನಿಮ್ಮೂರಿನ ದರ ವಿಚಾರಿಸಿ ಇದೇ ರೀತಿ ಲೆಕ್ಕ ಮಾಡಿ. ಮನೆಯವರು ಬಿಟ್ಟ ಕೂಲಿಯೂ ಖರ್ಚೇ ಎಂಬುದನ್ನು ಮರೆಯಬೇಡಿ.

ಖರ್ಚು ತಗ್ಗಿಸುವ ದಾರಿಗಳು

1. ಕೆಲಸ ವಿಂಗಡಿಸಿ. ಗಾಯದ ಡ್ರೆಸ್ಸಿಂಗ್, ಮೂತ್ರದ ನಳಿಕೆ ಬದಲಿಸುವುದು ನರ್ಸ್ ಕೆಲಸ. ಅನೇಕರಿಗೆ ಬಂದು ಹೋಗುವ ನರ್ಸ್ ಸಾಕಾಗುತ್ತಾರೆ. ನಿಮ್ಮ ರೋಗಿಗೆ ಸಾಕೇ ಎಂದು ವೈದ್ಯರನ್ನು ಕೇಳಿ. ಮೈ ಒರೆಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದನ್ನು ಮನೆಯವರೇ ಕಲಿಯಬಹುದು. ಡಿಸ್ಚಾರ್ಜ್‌ಗೆ ಮುಂಚೆ ವಾರ್ಡಿನಲ್ಲೇ ನಮ್ಮೆದುರು ಮಾಡಿ ತೋರಿಸಿ.

2. ಪಾಳಿ ಹಂಚಿಕೊಳ್ಳಿ. ಎಲ್ಲವನ್ನೂ ಸೊಸೆಯೊಬ್ಬಳ ಮೇಲೆ ಹೊರಿಸಬೇಡಿ. ದೂರದ ಊರಿನ ಮಕ್ಕಳು ಒಂದು ಪಾಳಿಯ ಹಣ ಕೊಡಲಿ. ಒಂದೇ ಪಾಳಿಗೆ ಆಯಾ ಇಡುವ ಶಕ್ತಿ ಇದ್ದರೆ ರಾತ್ರಿಗೆ ಇಡಿ. ಮನೆಯವರಿಗೆ ನಿದ್ದೆ ಸಿಕ್ಕರೆ ಹಗಲಿನ ದುಡಿಮೆ ಉಳಿಯುತ್ತದೆ.

3. ಮಂಚ, ಗಾಳಿ ಹಾಸಿಗೆ ಬಾಡಿಗೆಗೆ ಸಿಗುತ್ತವೆಯೇ ವಿಚಾರಿಸಿ. ದಿನನಿತ್ಯದ ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ಕೇಳಿ; ಬಹುಪಾಲು ಮಾತ್ರೆಗಳು ಅಲ್ಲಿ ಅಗ್ಗ.

4. ಸರ್ಕಾರದ ನೆರವು ಕೇಳಿ. 65 ವರ್ಷ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ, ಅಂಗವೈಕಲ್ಯ ಉಳಿದವರಿಗೆ ಅಂಗವಿಕಲರ ಮಾಸಾಶನ ಇದೆ. ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಹಿರಿಯರ ಉಚಿತ ಸಹಾಯವಾಣಿ 14567. ಆಯುಷ್ಮಾನ್ ಕಾರ್ಡಿನಿಂದ ಆಸ್ಪತ್ರೆ ಚಿಕಿತ್ಸೆಗೆ ನೆರವಾಗುತ್ತದೆ. ಮನೆಯ ಆಯಾ ಸಂಬಳಕ್ಕೆ ಹಣ ಬರುವುದಿಲ್ಲ.

ಇದರಲ್ಲಿ ಮಾತ್ರ ಉಳಿತಾಯ ಬೇಡ

ತಾವಾಗಿ ಹೊರಳಲಾಗದವರನ್ನು ರಾತ್ರಿಯೂ ಸೇರಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಿಮ್ಮಡಿ, ಸೊಂಟ, ಬೆನ್ನಿನ ಕೆಳಭಾಗವನ್ನು ದಿನವೂ ನೋಡಿ. ಚರ್ಮ ಕೆಂಪಾಗಿ ಅಥವಾ ಕಪ್ಪಾಗಿ ಕಂಡರೆ, ಆ ಮಗ್ಗುಲಿಗೆ ಮಲಗಿಸದೆ ಕೂಡಲೇ ನಮಗೆ ತಿಳಿಸಿ. ಹಾಸಿಗೆ ಹುಣ್ಣು ಆಳವಾದರೆ ತಿಂಗಳುಗಟ್ಟಲೆ ಮಾಯುವುದಿಲ್ಲ, ಜೀವಕ್ಕೂ ಅಪಾಯ. ಉಳಿಸಿದ ಹಣವೆಲ್ಲ ಅದಕ್ಕೇ ಹೋಗುತ್ತದೆ.

ಮನೆಗೆ ಹೊರಡುವ ಎರಡು ದಿನ ಮೊದಲೇ ಯಾರ ಪಾಳಿ ಯಾವಾಗ ಎಂದು ಚೀಟಿ ಬರೆದು ತನ್ನಿ. ಖಾಲಿ ಉಳಿದ ಗಂಟೆಗಳಿಗೆ ಏನು ಮಾಡಬಹುದೆಂದು ಕೂಡಿ ನೋಡೋಣ.